ನೂರೆಂಟು ಹೊಡೆತ

ನಂಜಪ್ಪನಿಗೆ ಗಾಲ್ಫ್ ಅಂಟಿಕೊಂಡದ್ದು ಒಂದು ಕ್ರಯಪತ್ರದ ಎಂಟನೆಯ ಕಲಮಿನಿಂದ. ಬಾಗಲೂರಿನಾಚೆ ಅವನಿಗಿದ್ದ ಆರು ಎಕರೆ ಹೊಲದಲ್ಲಿ ನಾಲ್ಕನ್ನು ಅಕ್ಕಪಕ್ಕದ ಹೊಲಗಳ ಜೊತೆ ಸೇರಿಸಿ ಕೊಂಡ ಕ್ಲಬ್ಬಿನವರು, ಮಾರಿದವರ ಮನಸ್ಸಿಗೆ ಸಮಾಧಾನವಾಗಲಿ ಎಂದು, ಅವರೆಲ್ಲ ಕ್ಲಬ್ಬಿನ ಆಜೀವ ಸದಸ್ಯರು ಎಂಬ ಒಂದು ಸಾಲನ್ನು ಪತ್ರದಲ್ಲಿ ಸೇರಿಸಿದ್ದರು. ಊರು ತಮಿಳುನಾಡಿನ ಗಡಿಯೊಳಗಿದ್ದುದರಿಂದ ಪತ್ರ ತಮಿಳಿನಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ನಂಜಪ್ಪ ಓದುವ ವಿಷಯಕ್ಕೆ ಬಂದರೆ ಮೂರರಿಂದಲೂ ಸಮಾನ ದೂರದಲ್ಲಿದ್ದ. ಕ್ಲಬ್ಬಿನವರು ಓದಿ ಹೇಳಿದ್ದಕ್ಕೆ ಸಹಿ ಹಾಕಿ ಬಂದು, ಮನೆಯಲ್ಲೂ ಅದನ್ನು ಹೇಳಿ, ಉಳಿದ ಎರಡು ಎಕರೆಯಲ್ಲಿ ಗುಲಾಬಿ ಬೆಳೆದುಕೊಂಡು ಸುಖವಾಗಿದ್ದ. ಐದು ವರ್ಷ ಆ ಕಲಮು ಬೀರುವಿನಲ್ಲಿ ಹೆಂಡತಿ ಪಾಪಮ್ಮನ ರೇಷ್ಮೆ ಸೀರೆಗಳ ಕೆಳಗೆ ಯಾರ ಗೊಡವೆಯೂ ಇಲ್ಲದೆ ಮಲಗಿತ್ತು.

ಅದನ್ನು ಎಬ್ಬಿಸಿದವಳು ಪಾಪಮ್ಮನೇ. ಜೂನ್ ತಿಂಗಳಲ್ಲಿ ಮಗಳು ವರಲಕ್ಷ್ಮಿಯ ನಿಶ್ಚಿತಾರ್ಥವಾಯಿತು. ಹುಡುಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮುನಿಕೃಷ್ಣ. ಅವನ ತಂದೆ ಗುಮ್ಮಳಾಪುರದ ಅಂಜನಪ್ಪನವರು. ಊಟದ ಪಂಕ್ತಿಯಲ್ಲಿ ಪಾಪಮ್ಮನ ಚಿಕ್ಕಮ್ಮನ ಮಗಳು ಚಂದ್ರಲೇಖಾ, ತನ್ನ ಮಗಳ ಮದುವೆ ಲಿಫ್ಟ್ ಇರುವ ಛತ್ರದಲ್ಲಿ ನಡೆಯಿತೆಂದೂ, ಊಟಕ್ಕೆ ಹೋಗುವವರು ಕಾಲೆತ್ತಬೇಕಾಗಿರಲಿಲ್ಲವೆಂದೂ ಬೀಗರ ಮುಂದೆಯೇ ವರ್ಣಿಸತೊಡಗಿದಳು. ಪಾಪಮ್ಮ ಅನ್ನ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದುಕೊಂಡು, "ನಮ್ ಮಗೀದು ಆರತಕ್ಸತೆ ಗಾಲ್ಫ್ ಕ್ಲಬ್ಬಾಗೆ. ಹುಲ್ಲಿನ ಮ್ಯಾಲೆ. ನಮ್ಮನೇವ್ರು ಅಲ್ಲಿ ಮೆಂಬರ್ರು" ಅಂದುಬಿಟ್ಟಳು.

ಚಂದ್ರಲೇಖಾಳ ಬಾಯಿ ಮುಚ್ಚಿತು. ನಂಜಪ್ಪನ ಬಾಯಿ ತೆರೆದುಕೊಂಡದ್ದು ಪಾಯಸ ತಣ್ಣಗಾಗುವವರೆಗೂ ಮುಚ್ಚಲಿಲ್ಲ. ಬೀಗರು ಅಂಜನಪ್ಪ ಮಾತು ಕಡಿಮೆಯ ಮನುಷ್ಯ. ಅವರು ಒಮ್ಮೆ ತಲೆಯಾಡಿಸಿ, ಹುಲ್ಲು ಎಂಥಾ ಹುಲ್ಲು ಎಂದು ಮಾತ್ರ ಕೇಳಿದರು.

ಮಾರನೆಯ ದಿನ ನಂಜಪ್ಪ ಪತ್ರ ಹಿಡಿದು ಕ್ಲಬ್ಬಿಗೆ ಹೋದ. ಅಲ್ಲಿನ ಕಾರ್ಯದರ್ಶಿ ಜಗನ್ ಎಂಬಾತ ಪತ್ರ ಓದಿ, ಎದ್ದು ನಿಂತು ಕೈ ಕುಲುಕಿದ. ನಂಜಪ್ಪ ಸದಸ್ಯನೇ, ಅದರಲ್ಲಿ ಸಂಶಯವಿಲ್ಲ. ಆದರೆ ಕ್ಲಬ್ಬಿನ ಮುಂದಿನ ಹುಲ್ಲುಹಾಸನ್ನು ಸಮಾರಂಭಕ್ಕೆ ಕೊಡುವುದು ಆಡುವ ಸದಸ್ಯರಿಗೆ ಮಾತ್ರ. ಆಡುವ ಸದಸ್ಯ ಅಂದರೆ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಇರುವವನು. ಅದು ಬೇಕಾದರೆ ಜೂನಿನಿಂದ ಫೆಬ್ರವರಿಯೊಳಗೆ ಹತ್ತು ಸಲ ಪೂರ್ತಿ ಆಟ ಆಡಬೇಕು. ಹದಿನೆಂಟು ಕುಳಿಗಳಿಗೂ ಚೆಂಡು ಬೀಳಿಸಬೇಕು. ಹತ್ತರಲ್ಲಿ ಒಂದು ಸಲವಾದರೂ ಒಟ್ಟು ನೂರೆಂಟು ಹೊಡೆತದೊಳಗೆ ಮುಗಿಸಬೇಕು. ನಂಜಪ್ಪ ಬೇರೆ ದಾರಿ ಇಲ್ಲವೇ ಎಂದು ಮೂರು ಭಾಷೆಯಲ್ಲಿ ಕೇಳಿದ. ಜಗನ್ ಮೂರರಲ್ಲೂ ಇಲ್ಲ ಅಂದು, "ರೂಲ್ಸ್ ಅಪ್ಪಡಿ ಸಾರ್", ನಿಯಮವೇ ಹಾಗೆ, ಎಂದು ಮುಗಿಸಿದ.

ಊರಲ್ಲಿ ಸುದ್ದಿ ಹರಡಿದ ರೀತಿಯೇ ಬೇರೆ. ನಂಜಪ್ಪ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟಿಗೆ ಓಡಾಡುತ್ತಿದ್ದಾನೆ ಎಂದು ಕೇಳಿದ ಪಕ್ಕದ ಗುಲಾಬಿ ತೋಟದ ಚೆಲುವಮ್ಮ ಕಣ್ಣೊರೆಸಿಕೊಳ್ಳುತ್ತಾ ಬಂದು, ಯಾವ ಕಾಲು, ಯಾವಾಗಿಂದ ಎಂದು ವಿಚಾರಿಸಿದಳು. ಬಸ್ ಪಾಸಿಗೆ ಯಾರನ್ನು ಕಾಣಬೇಕೆಂದು ಇನ್ನೊಬ್ಬರು ವಿಳಾಸ ಕೊಟ್ಟರು. ನಂಜಪ್ಪ ಎಲ್ಲರ ಮುಂದೆ ಎರಡೆರಡು ಸಲ ನಡೆದು ತೋರಿಸಬೇಕಾಯಿತು.

ಮೊದಲ ಭಾನುವಾರ ಅವನು ಹೊಸೂರಿನಲ್ಲಿ ಕೊಂಡ ಪ್ಯಾಂಟು, ಕಾಲರಿನ ಬನಿಯನ್ನು, ಬಿಗಿ ಬೂಟು ತೊಟ್ಟು ಹೊರಟ. ಮೂವತ್ತೈದು ವರ್ಷ ಪಂಚೆಯಲ್ಲಿ ಬಾಳಿದವನು. ಪ್ರತಿ ಹೊಡೆತಕ್ಕೆ ಮುಂಚೆಯೂ ಅವನ ಎಡಗೈ ಇಲ್ಲದ ಪಂಚೆಯನ್ನು ಎತ್ತಿ ಕಟ್ಟಲು ಹೋಗುತ್ತಿತ್ತು, ಸಿಗದೆ ಗಾಬರಿಯಾಗುತ್ತಿತ್ತು. ಕೋಲುಗಳ ಚೀಲ ಹೊರಲು ಎದುರುಮನೆಯ ಪಾಪಯ್ಯ ತಾನಾಗಿ ಬಂದಿದ್ದ. ಅವನಿಗೆ ಅರವತ್ತು ದಾಟಿತ್ತು, ಕೆಲಸವಿರಲಿಲ್ಲ, ಅಭಿಪ್ರಾಯಗಳಿದ್ದವು. ಚೀಲವನ್ನು ಹೆಗಲಿಗೆ ಹಾಕುವುದು ಅವನ ಜಾಯಮಾನಕ್ಕೆ ಒಗ್ಗದೆ, ಟವೆಲು ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತು ನಡೆದ.

ಜೊತೆಗೆ ಆಡಿ, ಲೆಕ್ಕ ಬರೆದು ಸಹಿ ಹಾಕಲು ಕ್ಲಬ್ಬು ನೇಮಿಸಿದ್ದು ಅಂಬರೀಶ್ ಎಂಬ ಹಿರಿಯ ಸದಸ್ಯರನ್ನು. ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದರು. ಗುಣಮಟ್ಟ ಅವರನ್ನು ಬಿಟ್ಟಿರಲಿಲ್ಲ. ನಿಯಮಗಳ ಪುಸ್ತಕ ಅವರ ಎದೆ ಜೇಬಿನಲ್ಲೇ ಇರುತ್ತಿತ್ತು. ನಂಜಪ್ಪ ಮೊದಲ ಚೆಂಡಿಗೆ ಹಾವಿಗೆ ಬೀಸುವಂತೆ ಬೀಸಿದ. ಚೆಂಡು ಅಲ್ಲಾಡಲಿಲ್ಲ. ಮತ್ತೆ ಬೀಸಿದ. ಊಟಕ್ಕೆ ಯಾರಾದರೂ ಬಂದು ಕರೆಯಲಿ ಎಂದು ಕೂತ ನೆಂಟನ ಹಾಗೆ ಚೆಂಡು ಕೂತೇ ಇತ್ತು. ತಗುಲದಿದ್ದರೂ ಹೊಡೆತ ಹೊಡೆತವೇ ಎಂದು ಅಂಬರೀಶ್ ಮೃದುವಾಗಿ ತಿಳಿಸಿ, ಒಂದು, ಎರಡು, ಮೂರು ಎಂದು ಬರೆಯುತ್ತಾ ಹೋದರು. ಏಳನೆಯದಕ್ಕೆ ಚೆಂಡು ಎದ್ದಿತು. ಜೊತೆಗೆ ಒಂದು ತಟ್ಟೆಯಷ್ಟು ಹುಲ್ಲೂ ಎದ್ದಿತು. ಹುಲ್ಲೇ ಮುಂದೆ ಬಿತ್ತು.

ಹದಿನಾಲ್ಕನೆಯ ಕುಳಿಯಿಂದ ಮುಂದಕ್ಕೆ ಅವನದೇ ಹಳೆಯ ಹೊಲ. ನಂಜಪ್ಪನಿಗೆ ಅಲ್ಲಿ ಧೈರ್ಯ ಬಂತು. ಇಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ನನಗೆ ಹೇಳಿಕೊಡಬೇಕಾ ಎಂದು ಪಾಪಯ್ಯನಿಗೆ ಹೇಳಿ, ಹಳೆಯ ಇಳಿಜಾರಿನ ನೆನಪಿನಲ್ಲೇ ಚೆಂಡು ತಳ್ಳಿದ. ಚೆಂಡು ಹಿಂದೆ ಏರು ಇದ್ದ ಕಡೆಗೇ ಉರುಳಿ ಆಚೆ ಬದಿಗೆ ಹೋಗಿ ನಿಂತಿತು. ಬುಲ್ಡೋಜರಿನವರು ಹೊಲವನ್ನೇ ತಿರುವಿಹಾಕಿದ್ದರು. ತನ್ನ ಹೊಲವೇ ತನಗೆ ಎದುರು ಸಾಕ್ಷಿ ಹೇಳಿದಂತೆ ಅವನಿಗೆ ಅವಮಾನವಾಯಿತು. ಹದಿನೈದನೆಯ ಕುಳಿಯ ಬಳಿ ಮಾತ್ರ ಕೆಳಗೆ ಹಾಸುಬಂಡೆಯಿದ್ದುದರಿಂದ ನೆಲವನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿ ಅವನ ಚೆಂಡು ಹೇಳಿದ ಮಾತು ಕೇಳಿತು. ಆ ದಿನದ ಒಟ್ಟು ನೂರ ತೊಂಬತ್ತಮೂರು.

ಹೊಡೆತ ಇಳಿಸುವ ಜವಾಬ್ದಾರಿಯನ್ನು ಊರು ಹೊತ್ತುಕೊಂಡಿತು. ಗಾಲ್ಫ್ ಕೋಲನ್ನು ಜನ್ಮದಲ್ಲಿ ಮುಟ್ಟದವರೆಲ್ಲ ಸಂಜೆ ಅವನ ಕಣದಲ್ಲಿ ಸೇರಿ ಉಪದೇಶ ಕೊಟ್ಟರು. ಒಬ್ಬ ಮೊಣಕಾಲು ಬಗ್ಗಿಸು ಅಂದ. ಇನ್ನೊಬ್ಬ ಬಗ್ಗಿಸಿದ್ದೇ ತಪ್ಪು ಅಂದ. ಉಸಿರು ಬಿಗಿಹಿಡಿ ಎಂದು ಪಾಪಯ್ಯ ಹೇಳಿದ್ದನ್ನು ನಂಬಿ ನಂಜಪ್ಪ ಒಂದು ಭಾನುವಾರವಿಡೀ ಕೆಂಪು ಮುಖದಲ್ಲಿ ಆಡಿದ. ಅಭ್ಯಾಸದ ಚೆಂಡೊಂದು ಚೆಲುವಮ್ಮನ ಗುಲಾಬಿಯ ಪಾಲಿಹೌಸಿನ ಪ್ಲಾಸ್ಟಿಕ್ ಹಾಳೆ ಹರಿದು ಒಳಗೆ ಬಿತ್ತು. ಕಾಲಿನ ವಿಷಯಕ್ಕೆ ಕಣ್ಣೀರು ಹಾಕಿದ್ದ ಆಕೆ, ಆ ಕಾಲು ನಿಜವಾಗಿ ಹೋಗಿದ್ದರೂ ಚೆನ್ನಾಗಿತ್ತು ಎಂಬರ್ಥ ಬರುವಂತೆ ಮೂರು ದಿನ ಮಾತಾಡಿದಳು.

ಕೆಲಸಕ್ಕೆ ಬಂದ ಬುದ್ಧಿಮಾತು ಒಂದೇ. ಅದು ಕಣದ ಕೆಲಸಕ್ಕೆ ಬರುತ್ತಿದ್ದ ಎಪ್ಪತ್ತರ ಸಾಕಮ್ಮನದು. ಆಕೆ ಕಣದ ಮೂಲೆಯಲ್ಲಿ ಹುರುಳಿ ಬಡಿಯುತ್ತಾ ಇವನ ಬೀಸಾಟವನ್ನು ನಾಲ್ಕು ದಿನ ನೋಡಿದಳು. ಕೊನೆಗೆ, "ಕೈಯಾಗೆ ಬಡೀಬ್ಯಾಡ ಕಣ್ಲಾ, ಸೊಂಟದಾಗೆ ಬಡಿ. ಕೋಲು ಅದ್ರ ಪಾಡಿಗೆ ಬತ್ತದೆ" ಅಂದಳು. ನಂಜಪ್ಪ ಹಾಗೇ ಮಾಡಿದ. ಚೆಂಡು ಮೊದಲ ಸಲ ಹಕ್ಕಿಯಂತೆ ಎದ್ದು, ಅವನೇ ಹೆದರುವಷ್ಟು ದೂರ ಹೋಯಿತು.

ಆಗಸ್ಟಿನಲ್ಲಿ ನೂರ ನಲವತ್ತೊಂದು. ಸೆಪ್ಟೆಂಬರಿನಲ್ಲಿ ನೂರ ಇಪ್ಪತ್ತಾರು. ಅಕ್ಟೋಬರಿನ ಮಳೆಗೆ ಚೆಂಡುಗಳು ಕೆಸರಿನಲ್ಲಿ ನಾಟಿಯಾಗತೊಡಗಿ ಮತ್ತೆ ನೂರ ಮೂವತ್ತೆಂಟಕ್ಕೆ ಏರಿತು. ಈ ನಡುವೆ ಬೀಗರು ಅಂಜನಪ್ಪ ವಾರಕ್ಕೊಮ್ಮೆ ಫೋನು ಮಾಡಿ, ಹುಲ್ಲು ಹೇಗಿದೆ ಎಂದು ಕೇಳುತ್ತಿದ್ದರು. ಗುಮ್ಮಳಾಪುರದಲ್ಲಿ ಎಲ್ಲರಿಗೂ ಹೇಳಿಯಾಗಿದೆ ಎಂದೂ ಸೇರಿಸುತ್ತಿದ್ದರು. ಮದುವೆ ವೈಶಾಖಕ್ಕೆ ನಿಶ್ಚಯವಾಗಿತ್ತು. ಪಾಪಮ್ಮ ದೇವರ ಪಟದ ಪಕ್ಕ ನೂರೆಂಟು ಎಂದು ಬರೆದು ಅಂಟಿಸಿ, ಅದಕ್ಕೂ ಕುಂಕುಮ ಇಟ್ಟಳು.

ಡಿಸೆಂಬರಿನಲ್ಲಿ ನೂರ ಹನ್ನೆರಡಾಯಿತು. ಜನವರಿಯ ಒಂಬತ್ತನೆಯ ಆಟದಲ್ಲಿ ನೂರೆಂಟೇ ಆಯಿತೆಂದು ಪಾಪಯ್ಯ ಚೀಲ ಕೆಳಗಿಟ್ಟು ಕುಣಿದ. ಅಂಬರೀಶ್ ಮಾತ್ರ ಪುಸ್ತಕ ತೆಗೆದು, ಏಳನೆಯ ಕುಳಿಯ ದಾರಿಯಲ್ಲಿ ನಂಜಪ್ಪ ಒಣ ಎಲೆಯೊಂದನ್ನು ಸರಿಸುವಾಗ ಚೆಂಡು ಅರ್ಧ ಬೆರಳಿನಷ್ಟು ಉರುಳಿದ್ದನ್ನು ನೆನಪಿಸಿದರು. ಅದಕ್ಕೆ ಒಂದು ದಂಡ. ನೂರ ಒಂಬತ್ತು. ಆ ರಾತ್ರಿ ನಂಜಪ್ಪ ಉಣ್ಣಲಿಲ್ಲ. ಎಲೆ ಹಾಕಿದರೂ ಸರಿಸಲಿಲ್ಲ.

ಉಳಿದದ್ದು ಫೆಬ್ರವರಿಯ ಕೊನೆಯ ಭಾನುವಾರ, ಹತ್ತನೆಯ ಆಟ. ಅಂದು ಬೆಳಿಗ್ಗೆ ಅವನು ಬೂಟಿನ ದಾರ ಕಟ್ಟುತ್ತಿರುವಾಗ ಅಂಜನಪ್ಪನವರು ಬಸ್ಸಿಳಿದು ಬಂದರು. ಆರತಕ್ಷತೆಯ ಜಾಗ ಒಮ್ಮೆ ಕಣ್ಣಾರೆ ನೋಡಬೇಕಂತೆ. ನಂಜಪ್ಪ ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ. ಪಾಪಮ್ಮ ಮಾತ್ರ ಬೀಗರಿಗೆ ಕಾಫಿ ಕೊಟ್ಟು, ಹಂಗೇ ಆಟವನ್ನೂ ನೋಡಿಕೊಂಡು ಬನ್ನಿ ಎಂದು ಅವನ ಹಿಂದೆಯೇ ಕಳಿಸಿದಳು. ಹೀಗೆ ಮುಂದೆ ಪುಸ್ತಕ ಹೊತ್ತ ಅಂಬರೀಶ್, ನಡುವೆ ನಂಜಪ್ಪ, ಅವನ ಹಿಂದೆ ಚೀಲ ಹೊತ್ತ ಪಾಪಯ್ಯ, ಕೊನೆಗೆ ಬಿಳೀ ಪಂಚೆ, ಹೆಗಲ ಮೇಲೆ ವಲ್ಲಿಯ ಅಂಜನಪ್ಪ ಹೊರಟರು.

ಶುರುವೇ ಕೆಟ್ಟಿತು. ಬೀಗರ ಕಣ್ಣು ಬೆನ್ನಿಗೆ ಬಿದ್ದಿದೆ ಎಂದುಕೊಂಡರೆ ಯಾರ ಸೊಂಟವಾದರೂ ಹೇಗೆ ತಿರುಗೀತು. ಐದು ಕುಳಿಗೆ ಮೂವತ್ತೇಳು ಹೊಡೆತವಾಯಿತು. ಲೆಕ್ಕದ ಪ್ರಕಾರ ಮೂವತ್ತರಲ್ಲಿ ಮುಗಿಯಬೇಕಿತ್ತು. ಆರನೆಯದರಲ್ಲಿ ಪಾಪಯ್ಯನ ಹಿಂದೆಯೇ ಬಂದಿದ್ದ ನಂಜಪ್ಪನ ಮನೆಯ ನಾಯಿ, ಹುಲ್ಲಿನ ನಡುವೆ ಚೆನ್ನಾಗಿ ಕೂತಿದ್ದ ಚೆಂಡನ್ನು ಕಚ್ಚಿಕೊಂಡು ಬಂದು ಯಜಮಾನನ ಕಾಲ ಬಳಿ ಇಟ್ಟು ಬಾಲ ಆಡಿಸಿತು. ನಂಜಪ್ಪ ಹಣೆ ಹಿಡಿದುಕೊಂಡ. ಅಂಬರೀಶ್ ಪುಸ್ತಕ ತಿರುವಿ, ಪ್ರಾಣಿ ಎತ್ತಿದರೆ ದಂಡವಿಲ್ಲ, ಚೆಂಡನ್ನು ಮೊದಲಿದ್ದ ಜಾಗದಲ್ಲಿಟ್ಟು ಆಡಬಹುದು ಅಂದರು. ಒಂಬತ್ತು ತಿಂಗಳಲ್ಲಿ ಆ ಪುಸ್ತಕ ಅವನ ಪರವಾಗಿ ಮಾತಾಡಿದ್ದು ಅದೇ ಮೊದಲು. ಅವನಿಗೆ ಸ್ವಲ್ಪ ಉಸಿರು ಬಂತು. ಸಾಕಮ್ಮನ ಸೊಂಟ ನೆನಪಾಯಿತು. ಅಲ್ಲಿಂದ ಒಂದೊಂದೇ ಹೊಡೆತ ಉಳಿಯುತ್ತಾ ಬಂತು.

ಹದಿನೈದನೆಯದಕ್ಕೆ ಬಂದಾಗ ಚೆಂಡು ಕುಳಿಯಿಂದ ಮೂವತ್ತು ಅಡಿ ದೂರ ಇತ್ತು. ನಂಜಪ್ಪ ಕುಳಿಯ ಕಡೆ ನೋಡಲೇ ಇಲ್ಲ. ಮಳೆಗಾಲದಲ್ಲಿ ಬಂಡೆಯ ನೆತ್ತಿಯಿಂದ ನೀರು ಹರಿದುಬರುತ್ತಿದ್ದ ದಾರಿಯನ್ನು ನೆನೆದು, ಬೇರೆಲ್ಲೋ ಇರುವ ಯಾರಿಗೋ ಕೊಡುವವನಂತೆ ಚೆಂಡನ್ನು ಬಲಕ್ಕೆ ತಳ್ಳಿದ. ಅದು ಬಳಸಿಕೊಂಡು, ಯೋಚಿಸಿಕೊಂಡು, ತಿರುಗಿ ಬಂದು ಕುಳಿಗೆ ಇಳಿಯಿತು. ಅಂಬರೀಶ್ ಟೋಪಿ ತೆಗೆದರು. ಅಂಜನಪ್ಪನವರು ಮೂರು ಗಂಟೆಯಲ್ಲಿ ಮೊದಲ ಸಲ ಬಾಯಿ ಬಿಟ್ಟು, "ಅಬ್ಬ" ಅಂದರು. ಅಲ್ಲಿಂದ ಮುಂದೆ ಅವರು ಹಿಂದೆ ಉಳಿಯಲಿಲ್ಲ. ಪಾಪಯ್ಯನ ಚೀಲದಿಂದ ಒಂದು ಕೋಲು ತೆಗೆದುಕೊಂಡು ಅದನ್ನು ಊರಿಕೊಂಡು ಪಕ್ಕದಲ್ಲೇ ನಡೆದರು.

ಹದಿನಾರು ಕುಳಿ ಮುಗಿದಾಗ ತೊಂಬತ್ತೇಳು. ಉಳಿದ ಎರಡಕ್ಕೆ ಹನ್ನೊಂದು ಹೊಡೆತ. ಹದಿನೇಳನೆಯದರಲ್ಲಿ ನಂಜಪ್ಪನ ಎರಡನೆಯ ಹೊಡೆತ ಸ್ವಲ್ಪ ಒದ್ದೆ ನೆಲದಲ್ಲಿ ಬಿತ್ತು. ಅಂಜನಪ್ಪನವರಿಗೆ ಅದನ್ನು ನೋಡಿ ಮನಸ್ಸು ತಡೆಯಲಿಲ್ಲ. ಸರಸರ ಮುಂದೆ ಹೋಗಿ, ಚೆಂಡನ್ನು ಎತ್ತಿ, ವಲ್ಲಿಯಿಂದ ಚೆನ್ನಾಗಿ ಒರೆಸಿ, ತಾಂಬೂಲ ಕೊಡುವಂತೆ ಎರಡೂ ಕೈಯಲ್ಲಿ ನಂಜಪ್ಪನಿಗೆ ಕೊಟ್ಟರು.

ಎಲ್ಲರೂ ನಿಂತಲ್ಲೇ ನಿಂತರು. ಅಂಬರೀಶ್ ಪುಸ್ತಕ ತೆಗೆದರು. ಸ್ವಲ್ಪ ಹೊತ್ತು ಓದಿ, ಪ್ರಶ್ನೆ ಸೂಕ್ಷ್ಮವಾಗಿದೆ ಅಂದರು. ದಾರಿಹೋಕನೊಬ್ಬ ಚೆಂಡು ಎತ್ತಿದರೆ ದಂಡವಿಲ್ಲ, ನಾಯಿ ಎತ್ತಿದ ಹಾಗೆಯೇ. ಆಟಗಾರನ ಕೋಲು ಹಿಡಿದು ಜೊತೆಗೆ ನಡೆಯುವ ಅವನ ಕಡೆಯವನು ಎತ್ತಿದರೆ ಒಂದು ಹೊಡೆತ ದಂಡ. ಈ ಹಿರಿಯರ ಕೈಯಲ್ಲಿ ಕೋಲೇನೋ ಇದೆ, ಆದರೆ ಊರುಗೋಲಿನ ಹಾಗೆ ಹಿಡಿದಿದ್ದಾರೆ. ಹಾಗಾಗಿ ತೀರ್ಮಾನ ಆಟಗಾರನ ಮಾತಿನ ಮೇಲೆ.

"ನೀವೇ ಹೇಳಿ ನಂಜಪ್ಪನವರೇ" ಅಂದರು ಅಂಬರೀಶ್. "ಇವರು ನಿಮ್ಮ ಕಡೆಯವರಾ, ಹೊರಗಿನವರಾ?"

ನಂಜಪ್ಪ ಅಂಬರೀಶರ ಪೆನ್ನನ್ನು ನೋಡಿದ. ಬೀಗರ ಮುಖ ನೋಡಿದ. ಅವರು ಕೆಸರಾದ ವಲ್ಲಿಯನ್ನು ಕೈಯಲ್ಲಿ ಹಿಡಿದು, ಏನು ತಪ್ಪಾಯಿತೆಂದು ತಿಳಿಯದೆ, ಇವನ ಬಾಯಿಯನ್ನೇ ನೋಡುತ್ತಿದ್ದರು. ಹೊರಗಿನವರು ಎಂಬ ಒಂದು ಮಾತು ಅಂದರೆ ಹುಲ್ಲುಹಾಸು ಅರ್ಧ ಕೈಗೆ ಬಂದಂತೆ. ಆದರೆ ಮಗಳು ನಾಳೆ ಆ ಮನೆಯ ಹೊಸಿಲು ತುಳಿಯುವವಳು. ಪಾಪಯ್ಯ ಹಿಂದಿನಿಂದ, ಹೊರಗಿನವರು ಅನ್ನು, ಆಮೇಲೆ ಮನೆಯಲ್ಲಿ ಸಮಾಧಾನ ಹೇಳಿದರಾಯಿತು ಎಂದು ಕಿವಿಗೆ ಊದಿದ.

"ನಮ್ಮೋರೇ ಸಾಮಿ" ಅಂದ ನಂಜಪ್ಪ. "ನಮ್ ಬೀಗರು. ಹಾಕ್ಕಳಿ ಒಂದು."

ಅಂಬರೀಶ್ ಬರೆದುಕೊಂಡರು. ಅಂಜನಪ್ಪನವರಿಗೆ ವಿಷಯವನ್ನು ಪಾಪಯ್ಯ ವಿವರಿಸಿದ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ಅವರು ಕೋಲನ್ನು ಚೀಲಕ್ಕೆ ಹಾಕಿ, ವಲ್ಲಿ ಮಡಿಸಿ ಹೆಗಲ ಮೇಲಿಟ್ಟುಕೊಂಡು ದೂರ ನಿಂತರು.

ದಂಡವೂ ಸೇರಿ ಹದಿನೇಳನೆಯದು ಆರಕ್ಕೆ ಮುಗಿದು, ಹದಿನೆಂಟನೆಯದಕ್ಕೆ ಉಳಿದದ್ದು ಐದೇ ಹೊಡೆತ. ಮೊದಲನೆಯದು ಅಂಚಿನ ಬಂಡೆಗೆ ಬಡಿದು, ಬೈಸಿಕೊಂಡಂತೆ ಮಧ್ಯಕ್ಕೆ ವಾಪಸು ಬಂತು. ಎರಡನೆಯದು ಮರಳಿನ ಗುಂಡಿಗೆ ಬಿತ್ತು. ಮೂರನೆಯದಕ್ಕೆ ಒಂದು ಬುಟ್ಟಿ ಮರಳು ಹೊರಬಂತು. ಅದರೊಳಗೆ ಎಲ್ಲೋ ಚೆಂಡೂ ಇತ್ತು. ನಾಲ್ಕನೆಯದಕ್ಕೆ ಕುಳಿಯಿಂದ ಹತ್ತು ಮಾರು. ಐದನೆಯದನ್ನು ನಂಜಪ್ಪ ನೋಡಲಿಲ್ಲ. ಹೊಡೆದು ಕಣ್ಣು ಮುಚ್ಚಿಕೊಂಡ. ಪಾಪಯ್ಯ ಚೀಲವನ್ನು ದೊಪ್ಪನೆ ಕೆಡವಿದ ಸದ್ದಾಯಿತು. ಕಣ್ಣು ಬಿಟ್ಟಾಗ ಹುಲ್ಲಿನ ಮೇಲೆ ಚೆಂಡು ಇರಲಿಲ್ಲ. ಅಂಬರೀಶ್ ಮೂರು ಸಲ ಕೂಡಿ, ನೂರೆಂಟು ಎಂದು ಬರೆದು, ಸಹಿ ಹಾಕಿದರು.

ಜಗನ್ ಸರ್ಟಿಫಿಕೇಟಿಗೆ ಮೊಹರು ಒತ್ತಿ, ಸಮಾರಂಭದ ಅರ್ಜಿಯನ್ನು ಮುಂದಿಟ್ಟ. ಅದನ್ನು ಹ್ಯಾಂಡಿಕ್ಯಾಪ್ ಇಲ್ಲದವರ ಕೈಗೆ ಕೊಡುವ ಪದ್ಧತಿ ಇರಲಿಲ್ಲ. ಅಂಬರೀಶರೇ ಅದರ ಬೆನ್ನಿಗಿದ್ದ ಸಣ್ಣ ಅಕ್ಷರಗಳನ್ನು ಓದಿ ಹೇಳಿದರು. ದಿನಾಂಕ, ಹೆಸರು, ದೀಪದ ವ್ಯವಸ್ಥೆ. ಅತಿಥಿಗಳು ಹೆಚ್ಚೆಂದರೆ ನಲವತ್ತು ಮಂದಿ.

ನಲವತ್ತಾ ಎಂದು ನಂಜಪ್ಪ ಕೇಳಿದ. ಹೌದು, ವಾದ್ಯದವರನ್ನೂ ಸೇರಿಸಿ ಅಂದ ಜಗನ್.

ಫೋನಿನಲ್ಲಿ ಸುದ್ದಿ ಕೇಳಿದ ಪಾಪಮ್ಮ ಬೆರಳು ಮಡಿಸಿ ಎಣಿಸತೊಡಗಿದಳು. ಅವಳ ತವರಿನ ಒಂದು ಬೀದಿಯವರೇ ಅರವತ್ತು ಜನ. ನಲವತ್ತು ಮಂದಿಯನ್ನು ಆರಿಸುವುದೆಂದರೆ ಉಳಿದ ಎಂಟುನೂರರ ಜೊತೆ ಜನ್ಮದ ಜಗಳ. ಗಂಡ ಮನೆಗೆ ಬರುವಷ್ಟರಲ್ಲಿ ಅವಳು ಬಾಗಲೂರಿನ ಛತ್ರದವರಿಗೆ ಹೇಳಿ ಕಳಿಸಿ, ಅಂಟಿಸಿದ್ದ ನೂರೆಂಟನ್ನು ಕಿತ್ತು, ಆ ಕ್ಲಬ್ಬಿನ ಗಾಳಿಯೇ ಸರಿಯಿಲ್ಲ ಎಂದು ತೀರ್ಮಾನ ಮಾಡಿದ್ದಳು. ಅಂಜನಪ್ಪನವರು ಛತ್ರಕ್ಕೆ ಒಂದೇ ಮಾತಿನಲ್ಲಿ ಒಪ್ಪಿದರು. ಒಂಬತ್ತು ತಿಂಗಳ ಭಾನುವಾರಗಳು ಹೀಗೆ ಹರಿದುಹೋದದ್ದಕ್ಕೆ ನಂಜಪ್ಪನ ಮೈ ಉರಿದರೂ, ಒಳಗೊಳಗೆ ಒಂದು ತಂಪು ಹರಡುತ್ತಿತ್ತು. ಇನ್ನು ಆ ಬೂಟು ಹಾಕಬೇಕಿಲ್ಲ. ಅವನು ಪಂಚೆ ಉಟ್ಟು, ಜಗಲಿಯ ಮೇಲೆ ಕಾಲು ಚಾಚಿ ಕೂತ.

ಕಾಫಿ ಕುಡಿದ ಮೇಲೆ ಅಂಜನಪ್ಪನವರು ಗಂಟಲು ಸರಿಮಾಡಿಕೊಂಡರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬೀಗರೇ, ಮಾತುಕತೇಲಿ ನಾವು ನಿಮ್ಮನ್ನ ಏನೂ ಕೇಳ್ಲಿಲ್ಲ. ಈಗ ಒಂದು ಕೇಳ್ತೀನಿ, ಇಲ್ಲ ಅನ್ಬ್ಯಾಡ್ರಿ."

ಪಾಪಮ್ಮ ಸೆರಗಿನ ತುದಿ ಹಿಡಿದುಕೊಂಡಳು. ಕಾರೋ, ಬೈಕೋ, ಇನ್ನೇನೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಒಂದು ಏಟು ಹೋದ್ರೂ ನಮ್ಮನ್ನ ನಮ್ಮೋರು ಅಂದ್ರಿ. ಅಂಥೋರ ಜೊತೇಲಿ ಆ ಆಟ ಆಡ್ಬೇಕು ಅನ್ನಿಸ್ಬುಡ್ತು. ಮೆಂಬರ್ರು ಜೊತೇಗೆ ಆಡೋದಾದ್ರೆ ಒಬ್ಬರನ್ನ ಕರ್ಕೊಂಡ್ ಬರ್ಬೌದಂತೆ, ಆ ಜಗನ್ನು ಹೇಳ್ದ. ಇನ್ ಮ್ಯಾಕೆ ಪ್ರತಿ ಭಾನುವಾರ ನಾನು ಬತ್ತೀನಿ."

ಪಾಪಮ್ಮನಿಗೆ ಹೋದ ಜೀವ ಬಂದಂತಾಯಿತು. ಗಂಡ ಬಾಯಿ ತೆರೆಯುವ ಮೊದಲೇ, ಅದಕ್ಕೇನು ಭಾಗ್ಯ, ಇವರಿಗೂ ಒಬ್ಬರೇ ಆಡಿ ಬೇಜಾರಾಗಿತ್ತು ಎಂದು ಮಾತು ಕೊಟ್ಟುಬಿಟ್ಟಳು. ನಂಜಪ್ಪ ಕೈಗೆ ಸಿಕ್ಕ ಕೊನೆಯ ಹುಲ್ಲುಕಡ್ಡಿ ಹಿಡಿದ. ಬೇಸಿಗೆಗೆಂದು ಆಟದ ಬಯಲು ನಾಳೆಯಿಂದ ಜೂನ್‌ವರೆಗೆ ಮುಚ್ಚಿರುತ್ತದೆ ಎಂದು ತುಂಬಾ ಬೇಸರದ ಮುಖ ಮಾಡಿ ತಿಳಿಸಿದ. ಅಂಜನಪ್ಪ ಸ್ವಲ್ಪ ಯೋಚಿಸಿ, ಅದೂ ಒಳ್ಳೆಯದೇ, ಅಷ್ಟರೊಳಗೆ ನಿಮ್ಮ ಕಣದಲ್ಲಿ ಕಲಿತುಕೊಂಡರಾಯಿತು, ಅದಕ್ಕೆ ಭಾನುವಾರವೇ ಆಗಬೇಕೆಂದಿಲ್ಲವಲ್ಲ ಅಂದರು.

ಸೋಮವಾರ ಬೆಳಿಗ್ಗೆ ಆರೂವರೆಗೆ, ನಂಜಪ್ಪ ಗುಲಾಬಿ ಕೊಯ್ಯಲು ಕತ್ತರಿ ಹಿಡಿದು ಹೊರಟಿದ್ದಾಗ, ಹೊಸೂರು ಕಡೆಯಿಂದ ಬಂದ ಬಸ್ಸು ಮನೆಯೆದುರು ನಿಂತಿತು. ಅಂಜನಪ್ಪನವರು ಇಳಿದರು. ನಂಜಪ್ಪ ಎದುರು ಹೋಗಿ ನಮಸ್ಕಾರ ಮಾಡಿದ. ಬಸ್ಸು ಮಾತ್ರ ಹೊರಡಲಿಲ್ಲ. ಅವರ ಹಿಂದೆ ಅವರ ಇಬ್ಬರು ತಮ್ಮಂದಿರು, ಒಬ್ಬ ಷಡ್ಡಕ, ಒಬ್ಬರಾದ ಮೇಲೊಬ್ಬರು ಇಳಿಯುತ್ತಿದ್ದರು. ಅವರೂ ಕಲಿಯುತ್ತಾರಂತೆ ಅಂದರು ಅಂಜನಪ್ಪ. ಒಳಗೆ ಪಾಪಮ್ಮ ಕಾಫಿಗೆ ಇನ್ನೂ ನಾಲ್ಕು ಲೋಟ ತೆಗೆಯುತ್ತಿದ್ದ ಸದ್ದು ಕೇಳಿಸಿತು.